ಕೂಲೆಂಟ್ ಸೋರಿಕೆಗೆ ಡಬ್ಬಿ ಮದ್ದು ಸಾಕಾ, ರಿಪೇರಿಯೇ ಬೇಕಾ?

ಪ್ರಶ್ನೆ: ನನ್ನದು 11 ವರ್ಷದ ಪೆಟ್ರೋಲ್ ಕಾರು. 1.2 ಲಕ್ಷ ಕಿ.ಮೀ. ಓಡಿದೆ. ಈಚೆಗೆ ಎಂಜಿನ್ ತಣಿಸುವ ಕೂಲೆಂಟ್ ಕಡಿಮೆಯಾಗುತ್ತಿದೆ. ಹತ್ತು ದಿನದೊಳಗೆ ಬಾಟಲಿಯಲ್ಲಿ ‘ಫುಲ್’ ಗೆರೆಯಿಂದ ‘ಲೋ’ ಗೆರೆಗೆ ಇಳಿಯುತ್ತದೆ. ನೆಲದ ಮೇಲೆ ಮಾತ್ರ ಒಂದು ಹನಿಯೂ ಕಾಣುವುದಿಲ್ಲ. ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಸೋರಿಕೆ ಮುಚ್ಚುವ ಸ್ಟಾಪ್ ಲೀಕ್ ಡಬ್ಬಿ ಸುರಿದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು ರೇಡಿಯೇಟರ್ ಬದಲಾಯಿಸಿ ಅನ್ನುತ್ತಾರೆ. ಗೆಳೆಯರೊಬ್ಬರು ಅರಿಶಿನ ಪುಡಿ ಹಾಕಿ ನೋಡು ಅಂದರು. ತಿಂಗಳಿಗೊಮ್ಮೆ ತಂದೆಯವರನ್ನು ಸಕಲೇಶಪುರದಿಂದ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಏನು ಮಾಡಲಿ?
ಓದುಗರು, ಸಕಲೇಶಪುರ

ಉತ್ತರ: ನಿಮಗೆ ಸಲಹೆ ಕೊಟ್ಟ ಮೂವರೂ ಒಂದು ಕೆಲಸ ಬಿಟ್ಟಿದ್ದಾರೆ. ಕೂಲೆಂಟ್ ಎಲ್ಲಿಂದ ಹೋಗುತ್ತಿದೆ ಅಂತ ಯಾರೂ ನೋಡಿಲ್ಲ. ಅದು ಗೊತ್ತಾಗದೆ ಡಬ್ಬಿ ಸುರಿಯುವುದೂ ಸರಿಯಲ್ಲ, ರೇಡಿಯೇಟರ್ ಬಿಚ್ಚುವುದೂ ಸರಿಯಲ್ಲ. ನೀವು ಬರೆದಿದ್ದನ್ನು ನೋಡಿದರೆ ಸೋರಿಕೆ ಇನ್ನೂ ಸಣ್ಣದು. ಈಗಲೇ ಜಾಗ ಹುಡುಕಿ ಸರಿ ಮಾಡಿಸಿದರೆ ಕೆಲವು ನೂರರಲ್ಲೋ ಕೆಲವು ಸಾವಿರದಲ್ಲೋ ಮುಗಿಯುತ್ತದೆ. ಬಿಟ್ಟರೆ ಒಂದು ದಿನ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಹೋಸ್ ಒಡೆದೋ ಟ್ಯಾಂಕ್ ಬಿರಿದೋ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬೆಂಡಾಗುತ್ತದೆ. ಆಮೇಲೆ ಹತ್ತಾರು ಸಾವಿರದ ಮಾತು. ಹಣ ಒಂದು ಕಡೆ ಇರಲಿ, ಆ ಕಾರಿನಲ್ಲಿ ಆರೋಗ್ಯ ಸರಿಯಿಲ್ಲದ ಹಿರಿಯರು ಕೂತಿರುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹನಿ ಯಾಕೆ ಕಾಣುವುದಿಲ್ಲ ಅನ್ನುವುದು. ಎಂಜಿನ್ ಬಿಸಿಯಾದಾಗ ಕೂಲೆಂಟ್ ಹಿಗ್ಗುತ್ತದೆ, ಒಳಗೆ ಒತ್ತಡ ಏರುತ್ತದೆ. ಆ ಒತ್ತಡವನ್ನು ಹಿಡಿದಿಡುವುದು ರೇಡಿಯೇಟರ್ ಕ್ಯಾಪ್. ನಿಮ್ಮ ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಅಚ್ಚು ಹಾಕಿರಬಹುದು. ಅದು ಬಾರ್ ಲೆಕ್ಕ. ಅಷ್ಟು ಒತ್ತಡ ಬರುವ ತನಕ ಕ್ಯಾಪ್ ತೆರೆದುಕೊಳ್ಳುವುದಿಲ್ಲ. ಕಾರು ತಣ್ಣಗೆ ನಿಂತಿರುವಾಗ ಈ ಒತ್ತಡ ಇರುವುದಿಲ್ಲ, ಸೂಜಿ ಮೊನೆಯಷ್ಟು ತೂತಿನಿಂದ ಏನೂ ಹೊರಗೆ ಬರುವುದಿಲ್ಲ. ಓಡುವಾಗ ಅದೇ ತೂತಿನಿಂದ ಸಣ್ಣಗೆ ಚಿಮ್ಮುತ್ತದೆ. ಚಿಮ್ಮಿದ್ದು ಬಿಸಿ ಎಂಜಿನ್ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತದೆ. ಗ್ಯಾರೇಜಿಗೆ ಬಂದು ಎಂಜಿನ್ ಆರಿಸುವ ಹೊತ್ತಿಗೆ ನೆಲಕ್ಕೆ ಬೀಳುವಷ್ಟು ಉಳಿದಿರುವುದಿಲ್ಲ.

ಈ ಒತ್ತಡಕ್ಕೆ ಇನ್ನೊಂದು ಕೆಲಸ ಇದೆ, ಅದು ಘಾಟಿಯಲ್ಲಿ ತುಂಬಾ ಮುಖ್ಯ. ಅರ್ಧ ಕೂಲೆಂಟ್ ಅರ್ಧ ನೀರು ಬೆರೆಸಿದ್ದು ಬಯಲಿನಲ್ಲಿಟ್ಟರೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಸುಮಾರು ಒಂದು ಬಾರ್ ಒತ್ತಡದಲ್ಲಿ ಅದೇ ಮಿಶ್ರಣ 125 ಡಿಗ್ರಿ ದಾಟಿದ ಮೇಲಷ್ಟೇ ಕುದಿಯುತ್ತದೆ. ಎಂಜಿನ್ ಸಾಮಾನ್ಯವಾಗಿ ಓಡುವುದು 90 ಡಿಗ್ರಿಯ ಆಸುಪಾಸಿನಲ್ಲಿ, ಆದರೆ ಹೆಡ್ ಒಳಗೆ ಎಕ್ಸಾಸ್ಟ್ ವಾಲ್ವ್ ಸುತ್ತ ಲೋಹ ಇದಕ್ಕಿಂತ ಬಹಳ ಜಾಸ್ತಿ ಕಾದಿರುತ್ತದೆ. ಒತ್ತಡ ಇಲ್ಲದಿದ್ದರೆ ಕೂಲೆಂಟ್ ಅಲ್ಲೇ ಕುದಿದು ಗುಳ್ಳೆಯಾಗುತ್ತದೆ. ಗುಳ್ಳೆ ಇದ್ದ ಕಡೆ ಶಾಖ ಎಳೆದುಕೊಳ್ಳಲು ದ್ರವ ಇರುವುದಿಲ್ಲ. ಹಾಗಾಗಿ ಸಣ್ಣ ಸೋರಿಕೆ ಎಂದರೆ ಬರೀ ಕೂಲೆಂಟ್ ನಷ್ಟ ಅಂದುಕೊಳ್ಳಬೇಡಿ, ಒತ್ತಡವೂ ನಷ್ಟ. ಬಾಟಲಿಗೆ ದಿನಾ ತುಂಬುತ್ತಾ ಓಡಿಸಿದರೆ ಮೊದಲನೆಯದನ್ನು ಸರಿದೂಗಿಸಿದಂತಾಯಿತು, ಎರಡನೆಯದು ಹಾಗೇ ಉಳಿಯಿತು.

ಈಗ ಹುಡುಕುವ ಕೆಲಸ. ಅರ್ಧ ಭಾಗ ನೀವೇ ಮಾಡಬಹುದು. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಬಿಸಿ ಇರುವಾಗ ಯಾವ ಕಾರಣಕ್ಕೂ ಕ್ಯಾಪ್ ತೆಗೆಯಬೇಡಿ. ಒತ್ತಡ ಇಳಿದ ಕ್ಷಣವೇ ಒಳಗಿನದು ಕುದಿದು ಮುಖಕ್ಕೆ ಹಾರುತ್ತದೆ. ಈ ಸುಟ್ಟ ಗಾಯ ಕೆಟ್ಟದ್ದು.

ಕ್ಯಾಪ್ ತೆಗೆದು ಅದರ ರಬ್ಬರ್ ನೋಡಿ. ಗಟ್ಟಿಯಾಗಿದೆಯಾ, ಸೀಳಿದೆಯಾ, ಮಧ್ಯದ ಸಣ್ಣ ವಾಲ್ವ್ ಬೆರಳಲ್ಲಿ ಎಳೆದರೆ ಬಂದು ಮತ್ತೆ ಕೂರುತ್ತದೆಯಾ? ಕ್ಯಾಪ್ ಸೋತರೆ ಎಲ್ಲೂ ತೂತಿಲ್ಲದೆಯೂ ಕೂಲೆಂಟ್ ಖಾಲಿಯಾಗುತ್ತದೆ. ಬಿಸಿಯಾದಾಗ ಬಾಟಲಿಗೆ ಉಕ್ಕುತ್ತದೆ, ಅಲ್ಲಿಂದ ಹೊರಗೆ ಹೋಗುತ್ತದೆ. 11 ವರ್ಷದ ಕಾರಿನಲ್ಲಿ ಕ್ಯಾಪ್ ಒಮ್ಮೆಯೂ ಬದಲಾಯಿಸಿಲ್ಲದಿದ್ದರೆ ಮೊದಲು ಅದನ್ನೇ ಬದಲಾಯಿಸಿ. ಹಳೆಯದರ ಮೇಲೆ ಯಾವ ಅಂಕಿ ಇದೆಯೋ ಅದೇ ಅಂಕಿಯದ್ದು ತನ್ನಿ. ಇಡೀ ಕೂಲಿಂಗ್ ವ್ಯವಸ್ಥೆಯಲ್ಲಿ ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ.

ಕ್ಯಾಪ್ ತೆಗೆದಾಗ ರೇಡಿಯೇಟರ್ ಕುತ್ತಿಗೆ ತನಕ ಕೂಲೆಂಟ್ ತುಂಬಿದೆಯಾ ಅಂತಲೂ ನೋಡಿ. ಎಷ್ಟೋ ಜನ ಬಾಟಲಿಯ ಗೆರೆ ಮಾತ್ರ ನೋಡುತ್ತಾರೆ. ರೇಡಿಯೇಟರ್ ಮೇಲೆಯೇ ಕ್ಯಾಪ್ ಇರುವ ಕಾರುಗಳಲ್ಲಿ ಬಾಟಲಿ ಬರೀ ಹೆಚ್ಚುವರಿ ಕೂಲೆಂಟ್ ಇಡುವ ಜಾಗ. ಕ್ಯಾಪ್ ಸೋತಿದ್ದರೆ ಬಾಟಲಿ ಭರ್ತಿ ಇದ್ದೂ ರೇಡಿಯೇಟರ್ ಅರ್ಧ ಖಾಲಿ ಇರಬಹುದು. ರೇಡಿಯೇಟರ್ ಮೇಲೆ ಕ್ಯಾಪ್ ಇಲ್ಲದೆ, ಬಾಟಲಿಗೇ ತಿರುಪಿನ ದಪ್ಪ ಮುಚ್ಚಳ ಇದ್ದರೆ ಅಲ್ಲಿ ಬಾಟಲಿಯೂ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅಂಥ ಬಾಟಲಿಯ ಜೋಡಣೆಯ ಗೆರೆ ಉದ್ದಕ್ಕೂ ಬಿರುಕು ಇದೆಯಾ ನೋಡಬೇಕು.

ಆಮೇಲೆ ಟಾರ್ಚ್ ಹಿಡಿದು ಕಲೆ ಹುಡುಕಿ. ಕೂಲೆಂಟ್ ಆವಿಯಾದರೂ ಅದರಲ್ಲಿರುವ ರಾಸಾಯನಿಕಗಳು ಉಳಿದು ಒಣಗುತ್ತವೆ. ಬಿಳಿ, ತಿಳಿ ಹಸಿರು ಅಥವಾ ಗುಲಾಬಿ ಪುಡಿಯಂತೆ ಅಂಟಿಕೊಂಡಿರುತ್ತವೆ. ಎಲ್ಲಕ್ಕಿಂತ ಮೊದಲು ನೋಡಬೇಕಾದ ಜಾಗ ರೇಡಿಯೇಟರಿನ ಎರಡು ತುದಿ. ಈಗಿನ ರೇಡಿಯೇಟರಿನಲ್ಲಿ ನಡುವಿನ ಜಾಲರಿ ಅಲ್ಯೂಮಿನಿಯಂ, ತುದಿಯ ಟ್ಯಾಂಕ್ ಪ್ಲಾಸ್ಟಿಕ್. ಎರಡರ ನಡುವೆ ಒಂದು ರಬ್ಬರ್ ಗ್ಯಾಸ್ಕೆಟ್ ಇಟ್ಟು, ಅಲ್ಯೂಮಿನಿಯಂ ಅಂಚಿನ ಹಲ್ಲುಗಳನ್ನು ಪ್ಲಾಸ್ಟಿಕ್ ಮೇಲೆ ಮಡಚಿ ಬಿಗಿದಿರುತ್ತಾರೆ. ವರ್ಷಗಟ್ಟಲೆ ಕಾದು ತಣಿದು ಆ ರಬ್ಬರ್ ಗಟ್ಟಿಯಾಗುತ್ತದೆ, ಕಪ್ಪು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಪೆಡಸಾಗುತ್ತದೆ. ಆ ಮಡಚಿದ ಹಲ್ಲುಗಳ ಸಾಲಿನಲ್ಲಿ ಎರಡೋ ಮೂರೋ ಹಲ್ಲಿನ ನಡುವೆ ಬಿಳಿ ಪುಡಿ ಕಟ್ಟಿಕೊಂಡು, ಅದರ ಕೆಳಗೆ ಕಣ್ಣೀರು ಒಣಗಿದಂಥ ಗೆರೆ ಇಳಿದಿದ್ದರೆ ನಿಮ್ಮ ಹುಡುಕಾಟ ಮುಗಿದಂತೆ. ಈ ವಯಸ್ಸಿನ ಕಾರುಗಳಲ್ಲಿ ನಾನು ಅತಿ ಹೆಚ್ಚು ನೋಡಿರುವ ಸೋರಿಕೆ ಇದು.

ಅಲ್ಲಿಲ್ಲದಿದ್ದರೆ ಹೋಸ್ ತುದಿಗಳು, ಕ್ಲಿಪ್‌ಗಳ ಕೆಳಗೆ, ಬಿಸಿ ನೋಡಿ ಕೂಲೆಂಟಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಕೂರಿಸಿರುವ ಗೂಡಿನ ಸುತ್ತ. ಹೋಸನ್ನು ಬೆರಳಲ್ಲಿ ಹಿಸುಕಿ ನೋಡಿ. ಊದಿಕೊಂಡಿದ್ದರೆ, ಮೆತ್ತಗಾಗಿದ್ದರೆ, ಇಲ್ಲವೇ ಹಿಸುಕಿದಾಗ ಸಣ್ಣ ಬಿರುಕುಗಳು ಬಾಯಿ ತೆರೆದರೆ ಅದರ ಕಾಲ ಮುಗಿದಿದೆ. ಆಮೇಲೆ ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪ್. ಅದರ ಕೆಳಭಾಗದಲ್ಲಿ ಬೇಕೆಂದೇ ಇಟ್ಟಿರುವ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸೋತಾಗ ಕೂಲೆಂಟ್ ಬೇರಿಂಗಿಗೆ ಹೋಗದೆ ಆ ತೂತಿನಿಂದ ಹೊರಬರಲಿ ಅಂತ. ಅಲ್ಲಿಂದ ಕೆಳಗೆ ಕಲೆ ಇಳಿದಿದ್ದರೆ ಪಂಪ್ ಹೋಗಿದೆ.

ಕಾರಿನೊಳಗೂ ನೋಡಿ. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ, ಹೆಚ್ಚಾಗಿ ಎಡಗಡೆಯದ್ದು, ಕೈ ಇಟ್ಟು ನೋಡಿ. ಒದ್ದೆಯಿದ್ದು ಅಂಟಂಟಾಗಿ ಸಿಹಿ ವಾಸನೆ ಬಂದರೆ ಡ್ಯಾಶ್‌ಬೋರ್ಡ್ ಹಿಂದಿರುವ ಹೀಟರ್ ಸೋರುತ್ತಿದೆ. ಮುಂದಿನ ಗಾಜಿನ ಒಳಮೈಗೆ ಒರೆಸಿದರೂ ಹೋಗದ ಜಿಡ್ಡಿನ ಪೊರೆ ಕಟ್ಟುವುದೂ ಇದರದ್ದೇ ಲಕ್ಷಣ. ಬರೀ ನೀರಾಗಿದ್ದರೆ ಎ.ಸಿ. ನೀರಿನ ಪೈಪ್ ಕಟ್ಟಿಕೊಂಡಿರಬೇಕು, ಅದು ಬೇರೆ ವಿಷಯ. ಹಾಗೆಯೇ ಎ.ಸಿ. ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ತೊಟ್ಟಿಕ್ಕುವ ಬಣ್ಣವಿಲ್ಲದ ನೀರಿಗೆ ಹೆದರಬೇಡಿ.

ಇಷ್ಟರಲ್ಲಿ ಸಿಗದಿದ್ದರೆ ವರ್ಕ್‌ಶಾಪಿನಲ್ಲಿ ‘ಪ್ರೆಶರ್ ಟೆಸ್ಟ್ ಮಾಡಿ’ ಅಂತ ಹೆಸರು ಹಿಡಿದೇ ಕೇಳಿ. ಕ್ಯಾಪ್ ಜಾಗಕ್ಕೆ ಮೀಟರ್ ಇರುವ ಒಂದು ಕೈಪಂಪ್ ಕೂರಿಸಿ, ಕ್ಯಾಪ್ ಮೇಲಿನ ಅಂಕಿಯಷ್ಟು ಒತ್ತಡ ಕೊಡುತ್ತಾರೆ. 0.9 ಬಾರ್ ಅಂದರೆ ಸುಮಾರು 13 ಪಿಎಸ್‌ಐ, 1.1 ಬಾರ್ ಅಂದರೆ ಸುಮಾರು 16. ಅದಕ್ಕಿಂತ ಜಾಸ್ತಿ ಕೊಡಬಾರದು. ಎಂಜಿನ್ ತಣ್ಣಗಿದ್ದೂ ಒಳಗೆ ಒತ್ತಡ ಇರುವುದರಿಂದ, ಓಡುವಾಗ ಮಾತ್ರ ಸೋರುವ ತೂತು ಈಗ ಕಣ್ಣೆದುರೇ ಹನಿ ಹಾಕುತ್ತದೆ. ಕಾಲು ಗಂಟೆ ಮುಳ್ಳು ಕದಲದೆ ನಿಂತರೆ ವ್ಯವಸ್ಥೆ ಗಟ್ಟಿ ಇದೆ, ಕ್ಯಾಪ್ ಮೇಲೆ ಅನುಮಾನ ಪಡಿ. ಮುಳ್ಳು ಇಳಿಯುತ್ತಿದ್ದರೂ ಹೊರಗೆಲ್ಲೂ ಹನಿ ಇಲ್ಲವೆಂದರೆ ಹೀಟರ್ ಅಥವಾ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಅದರ ಕೆಳಗಿನ ಎಂಜಿನ್ನಿಗೂ ನಡುವೆ ಇಡುವ ಸೀಲ್. ಗ್ಯಾಸ್ಕೆಟ್ ಅನುಮಾನ ಬಂದರೆ ಇನ್ನೊಂದು ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಎಂಜಿನ್ನಿನ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ಈ ಎರಡು ಪರೀಕ್ಷೆ ಮಾಡದೆ ‘ಹೆಡ್ ಬಿಚ್ಚಬೇಕು ಸಾರ್’ ಅಂದರೆ ಒಪ್ಪಬೇಡಿ.

ಇನ್ನು ಡಬ್ಬಿ ಮದ್ದಿನ ವಿಚಾರ. ಅದು ಮೋಸ ಅಂತ ನಾನು ಹೇಳುವುದಿಲ್ಲ. ಕೆಲಸ ಮಾಡುತ್ತದೆ, ಮಿತಿಯೊಳಗೆ. ಹೆಚ್ಚಿನ ಡಬ್ಬಿಗಳಲ್ಲಿ ಇರುವುದು ಸಣ್ಣ ನಾರು, ಲೋಹದ ಪುಡಿ, ಗಿಡಮೂಲದ ಪುಡಿ. ಅಮೆರಿಕದ ಒಂದು ಹಳೇ ಬ್ರ್ಯಾಂಡಿನಲ್ಲಿ ಶುಂಠಿ ಬೇರಿನ ಪುಡಿ ಬಳಸುತ್ತಿದ್ದರು. ನಮ್ಮ ಲಾರಿ ಡ್ರೈವರ್‌ಗಳು ಅರಿಶಿನ ಹಾಕುತ್ತಿದ್ದುದೂ ಅದೇ ಉಪಾಯ. ಶುಂಠಿ, ಅರಿಶಿನ ಒಂದೇ ಕುಟುಂಬದ ಗಿಡಗಳು ಅಲ್ವಾ? ಪುಡಿ ಕೂಲೆಂಟಿನಲ್ಲಿ ತೇಲಿಕೊಂಡು ಹೋಗಿ ತೂತಿನ ಬಾಯಲ್ಲಿ ಸಿಕ್ಕಿಕೊಂಡು ಉಬ್ಬಿ ಮುಚ್ಚುತ್ತದೆ. 1958ರಲ್ಲಿ ಅಮೆರಿಕದ ಅಣು ಜಲಾಂತರ್ಗಾಮಿ ನಾಟಿಲಸ್ ಉತ್ತರ ಧ್ರುವದ ಮಂಜುಗಡ್ಡೆಯಡಿ ಹೋಗುವ ಮೊದಲು ಅದರ ಆವಿ ತಣಿಸುವ ಕಂಡೆನ್ಸರಿನಲ್ಲಿ ಸಣ್ಣ ಸೋರಿಕೆ ಇತ್ತು. ಸಿಬ್ಬಂದಿ ಸಿಯಾಟಲ್ ಊರಿನ ಪೆಟ್ರೋಲ್ ಬಂಕ್‌ಗಳಲ್ಲಿ ಕಾರಿನ ಸ್ಟಾಪ್ ಲೀಕ್ ಡಬ್ಬಿಗಳನ್ನು ಕೊಂಡು ಅದಕ್ಕೆ ಹಾಕಿ ನಿಲ್ಲಿಸಿದ್ದರು. ಸೂಜಿ ಮೊನೆಯಂಥ ತೂತಿಗೆ ಈ ಮದ್ದು ಹಿಡಿಯುತ್ತದೆ ಅನ್ನುವುದರಲ್ಲಿ ಅನುಮಾನ ಬೇಡ.

ತೊಂದರೆ ಇರುವುದು ಅದು ತೂತಿಗೆ ಮಾತ್ರ ಹೋಗುವುದಿಲ್ಲ ಅನ್ನುವುದರಲ್ಲಿ. ಸಣ್ಣ ಕಾರಿನಲ್ಲಿ ಒಟ್ಟು ಸುಮಾರು 4ರಿಂದ 5 ಲೀಟರ್ ಕೂಲೆಂಟ್ ಇರುತ್ತದೆ. ಅದು ಎಂಜಿನ್, ರೇಡಿಯೇಟರ್, ಹೀಟರ್ ಎಲ್ಲದರಲ್ಲೂ ಸುತ್ತುತ್ತಲೇ ಇರುತ್ತದೆ. ಪುಡಿಯೂ ಜೊತೆಗೆ ಸುತ್ತುತ್ತದೆ. ಅಂಬಾಸಿಡರ್ ಕಾಲದ ತಾಮ್ರ, ಹಿತ್ತಾಳೆಯ ರೇಡಿಯೇಟರಿನಲ್ಲಿ ಕೊಳವೆಗಳು ದೊಡ್ಡದಾಗಿದ್ದವು, ಅರಿಶಿನ ಹಾಕಿದರೂ ನಡೆಯುತ್ತಿತ್ತು. ಆಮೇಲೆ ಬೆಸುಗೆಯವರ ಹತ್ತಿರ ತೆಗೆದುಕೊಂಡು ಹೋಗಿ ಬಿಚ್ಚಿಸಿ, ತೊಳೆಸಿ, ಬೆಸುಗೆ ಹಾಕಿಸುತ್ತಿದ್ದರು. ಈಗಿನ ಅಲ್ಯೂಮಿನಿಯಂ ಕೊಳವೆ ಚಪ್ಪಟೆ, ಒಳದಾರಿ ಒಂದೆರಡು ಮಿಲಿಮೀಟರ್ ಅಷ್ಟೇ. ಹೀಟರಿನದ್ದೂ ಹಾಗೆಯೇ. ಬಾಟಲಿಗೆ ಹೋಗುವ ಸಣ್ಣ ಪೈಪ್, ಗಾಳಿ ತೆಗೆಯುವ ರಂಧ್ರ, ಥರ್ಮೋಸ್ಟಾಟ್, ಟೆಂಪರೇಚರ್ ಸೆನ್ಸರಿನ ತುದಿ, ಎಲ್ಲವೂ ಪುಡಿ ಕೂರುವ ಜಾಗಗಳೇ. ಟರ್ಬೊ ಡೀಸೆಲ್ ಆದರೆ ಎಂಜಿನ್ನಿಗೆ ಮರಳುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್, ಆಯಿಲ್ ಕೂಲರ್ ಕೂಡ ಇದೇ ದಾರಿಯಲ್ಲಿವೆ.

ಒಂದು ಕಾರು ನನ್ನ ಕೈಗೆ ಬಂದಾಗ ಎರಡು ಸಲ ಡಬ್ಬಿ ಹಾಕಿಸಿಕೊಂಡಿತ್ತು. ಊರೊಳಗೆ ಸರಿ ಓಡುತ್ತಿತ್ತು, ಚಡಾವು ಬಂದರೆ ಹೀಟ್. ಎಂಜಿನ್ ಬಿಸಿ ಮಾಡಿ ಆರಿಸಿ, ರೇಡಿಯೇಟರ್ ಜಾಲರಿಯ ಮೇಲೆ ಎಚ್ಚರಿಕೆಯಿಂದ ಕೈ ಆಡಿಸಿದರೆ ಮೇಲಿನ ಭಾಗ ಸುಡುತ್ತಿತ್ತು, ಕೆಳಗಿನ ಅರ್ಧ ತಣ್ಣಗಿತ್ತು. ಬಿಸಿ ಕೂಲೆಂಟ್ ಅಲ್ಲಿಗೆ ಹೋಗುತ್ತಲೇ ಇಲ್ಲ ಅಂತ ಅರ್ಥ. ರೇಡಿಯೇಟರ್ ತೆಗೆದು ತುದಿಯ ಟ್ಯಾಂಕ್ ಬಿಚ್ಚಿದಾಗ ಕೆಳಗಿನ ಕೊಳವೆಗಳ ಬಾಯಲ್ಲಿ ಕಂದು ಬಣ್ಣದ ರಾಡಿ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಏಳುತ್ತಿತ್ತು. ಥರ್ಮೋಸ್ಟಾಟಿನ ಸ್ಪ್ರಿಂಗ್ ಸುತ್ತಲೂ ಅದೇ. ಹೀಟರಿಗೆ ಒಂದು ಕಡೆ ನೀರು ಬಿಟ್ಟರೆ ಇನ್ನೊಂದು ಕಡೆ ಸಣ್ಣ ದಾರದಂತೆ ಬರುತ್ತಿತ್ತು. ಅಸಲಿ ಸೋರಿಕೆ ಇದ್ದಿದ್ದು ವಾಟರ್ ಪಂಪಿನಲ್ಲಿ, ಅದು ಆಗಲೂ ಸೋರುತ್ತಲೇ ಇತ್ತು. ಪಂಪ್ ಒಂದೇ ಬದಲಾಯಿಸಿದ್ದರೆ ಸಾಕಿತ್ತು. ಕೊನೆಗೆ ಪಂಪ್, ರೇಡಿಯೇಟರ್, ಥರ್ಮೋಸ್ಟಾಟ್, ಹೀಟರ್ ನಾಲ್ಕೂ ಹೊಸದಾದವು. ಹೀಟರಿಗಾಗಿ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕಾಯಿತು.

ಪಂಪಿಗೆ ಡಬ್ಬಿ ಯಾಕೆ ಹಿಡಿಯುವುದಿಲ್ಲ ಅಂದರೆ, ಅಲ್ಲಿ ಸೀಲ್ ಎಂದರೆ ಒಂದಕ್ಕೊಂದು ಒತ್ತಿಕೊಂಡು ತಿರುಗುವ ಎರಡು ನಯವಾದ ಬಿಲ್ಲೆಗಳು. ತಿರುಗುವ ಜಾಗದಲ್ಲಿ ಪುಡಿ ನಿಲ್ಲುವುದಿಲ್ಲ, ಬದಲಿಗೆ ಆ ನಯವಾದ ಮೈಯನ್ನೇ ಗೀಚುತ್ತದೆ. ಇನ್ನೂ ಕೆಟ್ಟದ್ದು, ಕೆಳಗಿನ ಆ ಸಣ್ಣ ತೂತನ್ನು ಪುಡಿ ಮುಚ್ಚಿಬಿಟ್ಟರೆ ಕೂಲೆಂಟ್ ಬೇರಿಂಗಿಗೆ ನುಗ್ಗುತ್ತದೆ. ಹೊರಗಿನ ಕಲೆ ನಿಂತಿತು ಅಂತ ನೀವು ನೆಮ್ಮದಿಯಾಗಿರುತ್ತೀರಿ. ಹೋಸಿಗೂ ಇದು ಕೆಲಸಕ್ಕೆ ಬರುವುದಿಲ್ಲ, ರಬ್ಬರ್ ಬಗ್ಗುತ್ತಾ ಇರುತ್ತದೆ, ಮುಚ್ಚಿದ್ದು ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನ ಬಿರುಕು ದಿನದಿನಕ್ಕೆ ಬೆಳೆಯುವಂಥದ್ದು, ಇವತ್ತು ಮುಚ್ಚಿದರೆ ನಾಳೆ ಪಕ್ಕದಲ್ಲಿ ಸೀಳುತ್ತದೆ. ಹಾಗೆ ಲೆಕ್ಕ ಹಾಕಿದರೆ ಡಬ್ಬಿ ನಿಜವಾಗಿ ಹಿಡಿಯುವುದು ರೇಡಿಯೇಟರಿನ ಅಲ್ಯೂಮಿನಿಯಂ ಜಾಲರಿಯಲ್ಲಿ ಕಲ್ಲು ಬಡಿದೋ ತುಕ್ಕು ತಿಂದೋ ಆದ ಸೂಜಿ ತೂತಿಗೆ ಮಾತ್ರ. ಅದೂ ಸ್ವಲ್ಪ ಕಾಲಕ್ಕೆ.

ಹೆಡ್ ಗ್ಯಾಸ್ಕೆಟ್ ಡಬ್ಬಿ ಬೇರೆ ಜಾತಿಯದ್ದು. ಅನೇಕದರಲ್ಲಿ ಇರುವುದು ಸೋಡಿಯಂ ಸಿಲಿಕೇಟ್. ನೂರು ಡಿಗ್ರಿ ದಾಟಿದ ಬಿಸಿ ತಾಗಿದಾಗ ಅದರ ನೀರಿನಂಶ ಹೋಗಿ ಗಾಜಿನಂತೆ ಗಟ್ಟಿಯಾಗುತ್ತದೆ. ಗ್ಯಾಸ್ಕೆಟ್ ಇರುವ ಕಡೆ ಸಿಲಿಂಡರಿನ ಸ್ಫೋಟದ ಒತ್ತಡ ಇರುತ್ತದೆ, ಅಲ್ಲಿ ಈ ಪೊರೆ ಎಷ್ಟು ದಿನ ನಿಂತೀತು? ಗುಜರಿಗೆ ಹೋಗಲು ನಿಂತ ಕಾರನ್ನು ಇನ್ನೂ ಕೆಲವು ತಿಂಗಳು ಊರೊಳಗೆ ಓಡಿಸುವವರಿಗೆ ಇದು ಒಂದು ದಾರಿ. ಘಾಟಿ ಹತ್ತುವವರಿಗೆ ಖಂಡಿತ ಬೇಡ. ಡಬ್ಬಿ ಹಾಕಿ ಸೋರಿಕೆ ಮುಚ್ಚಿಟ್ಟು ಕಾರು ಮಾರುವ ಯೋಚನೆಯಂತೂ ಬೇಡವೇ ಬೇಡ. ಕೊಂಡವರು ಮನೆಯವರನ್ನು ಕೂರಿಸಿಕೊಂಡೇ ಓಡಿಸುತ್ತಾರೆ.

ಸರಿಯಾದ ರಿಪೇರಿ ಏನು ಅನ್ನುವುದು ಜಾಗದ ಮೇಲೆ ಹೋಗುತ್ತದೆ. ಹೋಸ್ ಆದರೆ ಹೊಸ ಹೋಸ್, ಹೊಸ ಕ್ಲಿಪ್, ಅರ್ಧ ಗಂಟೆಯ ಕೆಲಸ. ಒಂದು ಹೋಸ್ ವಯಸ್ಸಿನಿಂದ ಹೋಗಿದ್ದರೆ ಉಳಿದವುಗಳ ವಯಸ್ಸೂ ಅಷ್ಟೇ, ಮೇಲಿನದು ಕೆಳಗಿನದು ಎರಡನ್ನೂ ಒಟ್ಟಿಗೆ ಬದಲಾಯಿಸಿ. ಪಂಪ್ ಆದರೆ ಹೊಸ ಪಂಪ್. ನಿಮ್ಮ ಎಂಜಿನ್ನಿನಲ್ಲಿ ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುವುದಾದರೆ ಬೆಲ್ಟನ್ನೂ ಆಗಲೇ ಬದಲಾಯಿಸಿಬಿಡಿ, ಅದೇ ಕೂಲಿಯನ್ನು ಎರಡು ಸಲ ಕೊಡುವುದು ತಪ್ಪುತ್ತದೆ.

ಹೀಟರ್ ಸೋರಿದರೆ ಒಂದು ಒಳ್ಳೆಯ ತಾತ್ಕಾಲಿಕ ದಾರಿ ಇದೆ. ಹೀಟರಿಗೆ ಹೋಗುವ ಮತ್ತು ಬರುವ ಎರಡು ಹೋಸನ್ನು ಎಂಜಿನ್ ಕಡೆಯೇ ಒಂದಕ್ಕೊಂದು ಸೇರಿಸಿಬಿಡುವುದು. ಹೀಟರ್ ಕೆಲಸ ಮಾಡುವುದಿಲ್ಲ, ಆದರೆ ಸೋರಿಕೆ ನಿಲ್ಲುತ್ತದೆ, ವ್ಯವಸ್ಥೆಗೆ ಏನೂ ಸೇರುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯಲು ಎ.ಸಿ. ಇದ್ದರೆ ಸಾಕು, ಹೀಟರ್ ರಿಪೇರಿಗೆ ಪುರುಸೊತ್ತು ಮಾಡಿಕೊಳ್ಳಬಹುದು. ತಾತ್ಕಾಲಿಕ ಅಂದರೆ ನನ್ನ ಪಾಲಿಗೆ ಹೀಗಿರಬೇಕು, ನಾಳೆ ಬಿಚ್ಚಿದರೆ ಮೊದಲಿನಂತೆ ಆಗಬೇಕು.

ರೇಡಿಯೇಟರ್ ಆದರೆ ಎರಡು ಆಯ್ಕೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಲ್ಲು ಬಿಡಿಸಿ ಗ್ಯಾಸ್ಕೆಟ್, ಟ್ಯಾಂಕ್ ಬದಲಾಯಿಸಿಕೊಡುವವರು ಇದ್ದಾರೆ. ಜಾಲರಿ ಚೆನ್ನಾಗಿದ್ದರೆ ಅದು ನಡೆಯುತ್ತದೆ. 11 ವರ್ಷದ ಜಾಲರಿಯ ರೆಕ್ಕೆಗಳು ಬೆರಳು ತಾಗಿದರೆ ಉದುರುವಂತಿದ್ದರೆ ಹೊಸದೇ ಹಾಕಿಸಿ. ಹೊರಗಿನ ಕಂಪನಿಯದ್ದು ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ದಪ್ಪ ಹೋಲಿಸಿ ನೋಡಿ. ಅಗ್ಗದ್ದರಲ್ಲಿ ಜಾಲರಿ ತೆಳ್ಳಗಿರುತ್ತದೆ, ಊರೊಳಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಘಾಟಿಯಲ್ಲಿ ಗೊತ್ತಾಗುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಹೆಡ್ ಇಳಿಸಲೇಬೇಕು. ಇಳಿಸಿದ ಮೇಲೆ ಅದರ ಮೈ ಸಮ ಇದೆಯಾ ಅಂತ ನೇರ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡಿನ ಫೀಲರ್ ಗೇಜ್ ತೂರಿಸಿ ನೋಡಬೇಕು. ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಒಪ್ಪುವ ಮಿತಿ ಸಾಮಾನ್ಯವಾಗಿ 0.05 ಮಿ.ಮೀ. ಆಸುಪಾಸು. ಅದಕ್ಕಿಂತ ಬಾಗಿದ್ದರೆ ಫೇಸಿಂಗ್, ಅಂದರೆ ಮೈ ಉಜ್ಜಿ ಸಮ ಮಾಡಿಸಬೇಕು. ಇದನ್ನು ನೋಡದೆ ಸುಮ್ನೆ ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದರೆ ಮತ್ತೆ ಅದೇ ಕಥೆ. ಆ ಅಳತೆ ತೆಗೆಯುವಾಗ ಪಕ್ಕದಲ್ಲೇ ನಿಂತಿರುತ್ತೇನೆ ಅಂತ ಮೊದಲೇ ಹೇಳಿ.

ರಿಪೇರಿಗೆ ಹೋದಾಗ ಕೆಲವರು ‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಡೋಣ’ ಅನ್ನುತ್ತಾರೆ. ಒಪ್ಪಬೇಡಿ. ಅದು ಸುಮಾರು 82ರಿಂದ 88 ಡಿಗ್ರಿಗೆ ತೆರೆಯುವ ಬಾಗಿಲು. ತೆಗೆದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಕೆಡುತ್ತದೆ. ಸೋರಿಕೆ ಎಲ್ಲಿದೆಯೋ ಅಲ್ಲೇ ಇರುತ್ತದೆ.

ಇನ್ನು ದಾರಿಯಲ್ಲಿ ಕೈಕೊಟ್ಟರೆ ಏನು ಅನ್ನುವುದು. ಟೆಂಪರೇಚರ್ ಮುಳ್ಳು ಏರಿದರೆ ಅಥವಾ ಕೆಂಪು ದೀಪ ಬಂದರೆ ತಕ್ಷಣ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಹೀಟರ್ ಆಗ ಇನ್ನೊಂದು ಸಣ್ಣ ರೇಡಿಯೇಟರಿನ ಕೆಲಸ ಮಾಡುತ್ತದೆ. ಹಾಗೆಯೇ ಸುರಕ್ಷಿತವಾದ ಮೊದಲ ಜಾಗದಲ್ಲಿ ನಿಲ್ಲಿಸಿ. ಬಾನೆಟ್ಟಿನಿಂದ ಆವಿ ಬರುತ್ತಿದ್ದರೆ ಎಂಜಿನ್ ಆಗಲೇ ಆರಿಸಿ, ‘ಮುಂದಿನ ತಿರುವಿನ ತನಕ’ ಅನ್ನಬೇಡಿ. ಇನ್ನೊಂದು ಮಾತು. ಕೂಲೆಂಟ್ ಪೂರ್ತಿ ಖಾಲಿಯಾದಾಗ ಸೆನ್ಸರ್ ಬರೀ ಗಾಳಿಯಲ್ಲಿರುತ್ತದೆ. ಆಗ ಏರಿದ್ದ ಮುಳ್ಳು ತಾನಾಗಿ ಕೆಳಗೆ ಇಳಿಯಬಹುದು. ಸರಿಹೋಯಿತು ಅಂತ ಓಡಿಸಿ ಎಂಜಿನ್ ಸೀಜ್ ಮಾಡಿಕೊಂಡವರು ಇದ್ದಾರೆ.

ನಿಲ್ಲಿಸಿದ ಮೇಲೆ ಮುಕ್ಕಾಲು ಗಂಟೆ ಕಾಯಿರಿ. ಕಾದ ಎಂಜಿನ್ ಮೇಲೆ ತಣ್ಣೀರು ಎರಚಬೇಡಿ, ಹೆಡ್ ಬಿರುಕು ಬಿಡುತ್ತದೆ. ತಣಿದ ಮೇಲೆ ಸೋರುವ ಜಾಗ ನೋಡಿ. ಹೋಸ್ ಆದರೆ ಒರೆಸಿ ಒಣಗಿಸಿ, ತನಗೆ ತಾನೇ ಅಂಟುವ ಸಿಲಿಕೋನ್ ಟೇಪನ್ನು ಎಳೆದೆಳೆದು ಸುತ್ತಿ. ಪ್ಲಾಸ್ಟಿಕ್ ಟ್ಯಾಂಕಿನ ಬಿರುಕಾದರೆ ಹೊರಗಿನಿಂದ ಎಂ-ಸೀಲ್ ಥರದ ಎಪಾಕ್ಸಿ ಹಚ್ಚಿ ಗಟ್ಟಿಯಾಗಲು ಬಿಡಿ. ಆಮೇಲೆ ನೀರು ತುಂಬಿ. ನಮ್ಮ ಕಡೆ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಊರು ಸೇರುವ ತನಕ ಬರೀ ನೀರಾದರೂ ನಡೆಯುತ್ತದೆ. ನಿಧಾನವಾಗಿ, ಆಗಾಗ ನಿಲ್ಲಿಸಿ ಮಟ್ಟ ನೋಡುತ್ತಾ ಹೋಗಿ. ಡಿಕ್ಕಿಯಲ್ಲಿ ಐದು ಲೀಟರ್ ನೀರು, ಆ ಟೇಪ್, ಎರಡು ಕ್ಲಿಪ್, ಒಂದು ಸ್ಕ್ರೂಡ್ರೈವರ್ ಇದ್ದರೆ ಹೆಚ್ಚಿನ ಸಂದರ್ಭದಲ್ಲಿ ಡಬ್ಬಿ ಬೇಕಾಗುವುದೇ ಇಲ್ಲ.

ಆದರೂ ರಾತ್ರಿ ಹೊತ್ತು, ಮೊಬೈಲ್ ಸಿಗ್ನಲ್ ಇಲ್ಲ, ಜಾಲರಿಯಲ್ಲಿ ಸೂಜಿ ತೂತು ಕಣ್ಣಿಗೆ ಕಾಣುತ್ತಿದೆ ಅಂದರೆ ಡಬ್ಬಿ ಹಾಕಿ. ಹೇಳಿದ ಅಳತೆಗಿಂತ ಒಂದು ಚಮಚವೂ ಜಾಸ್ತಿ ಬೇಡ. ಮನೆ ಸೇರಿದ ವಾರದೊಳಗೆ ರೇಡಿಯೇಟರ್ ರಿಪೇರಿ ಮಾಡಿಸಿ, ಕೂಲೆಂಟ್ ಪೂರ್ತಿ ಇಳಿಸಿ, ಚೆನ್ನಾಗಿ ಫ್ಲಶ್ ಮಾಡಿಸಿ. ಡಬ್ಬಿ ಹಾಕಿದ್ದೀನಿ ಅಂತ ಮೆಕ್ಯಾನಿಕ್‌ಗೆ ಮುಚ್ಚಿಡದೆ ಹೇಳಿ, ಇಲ್ಲವಾದರೆ ಅವರ ಪರೀಕ್ಷೆಯೇ ದಾರಿ ತಪ್ಪುತ್ತದೆ.

ನಿಮ್ಮ ಈ ತಿಂಗಳ ಮಂಗಳೂರು ಪ್ರಯಾಣದ ಬಗ್ಗೆ ನೇರವಾಗಿ ಹೇಳುತ್ತೇನೆ. ಅಷ್ಟರೊಳಗೆ ಪ್ರೆಶರ್ ಟೆಸ್ಟ್, ರಿಪೇರಿ ಆಗದಿದ್ದರೆ ಈ ಸಲ ಟ್ಯಾಕ್ಸಿ ಮಾಡಿಕೊಂಡು ಹೋಗಿ. ಹೋಗುವಾಗ ಇಳಿಜಾರು, ಎಂಜಿನ್ನಿಗೆ ಕಷ್ಟ ಇಲ್ಲ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಬರುವಾಗ ಗುಂಡ್ಯದಿಂದ ಮೇಲೆ, ಕಡಿಮೆ ಗೇರಿನಲ್ಲಿ, ಲಾರಿಗಳ ಹಿಂದೆ ತೆವಳುತ್ತಾ, ಎದುರು ಗಾಳಿ ಇಲ್ಲದೆ ಏರಬೇಕು. ಸೋರಿಕೆ ಹೊರಬೀಳುವುದು ಅಲ್ಲೇ.

ರಿಪೇರಿ ಆದ ಮೇಲೆ ತುಂಬುವಾಗ ಬೋರ್‌ವೆಲ್ ನೀರು ಬೇಡ. ನಮ್ಮ ಹೆಚ್ಚಿನ ಬೋರ್ ನೀರು ಗಡಸು, ಬಿಸಿಯಾದಾಗ ಸುಣ್ಣ ಕಟ್ಟುತ್ತದೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಕೊಳವೆಯ ಒಳಗೂ ಕಟ್ಟುತ್ತದೆ. ಬೆರೆಸಿಯೇ ಬರುವ ಕೂಲೆಂಟ್ ತನ್ನಿ, ಅಥವಾ ಗಟ್ಟಿ ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಕಾರಿನ ಪುಸ್ತಕದಲ್ಲಿ ಯಾವ ಬಗೆ ಅಂತ ಬರೆದಿದೆಯೋ ಅದನ್ನೇ ಕೇಳಿ. ಬೇರೆ ಬೇರೆ ಬಗೆ ಬೆರೆತರೆ ಕೆಲವು ಸಲ ಲೋಳೆಯಾಗುತ್ತದೆ. ತುಂಬಿದ ಮೇಲೆ ಏರ್ ಲಾಕ್ ತೆಗೆಸಿ. ಫ್ಯಾನ್ ಎರಡು ಸಲ ತಾನಾಗಿ ತಿರುಗಿ ನಿಲ್ಲುವ ತನಕ ಎಂಜಿನ್ ಓಡಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಮಟ್ಟ ನೋಡಿ. ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಹಾಕಿ, ಒಂದು ವಾರ ದಿನಾ ಬೆಳಿಗ್ಗೆ ಅದನ್ನು ನೋಡಿ. ಮೊದಲ ಒಂದೆರಡು ದಿನ ಸ್ವಲ್ಪ ಇಳಿಯುವುದು ಸಹಜ, ಸಿಕ್ಕಿಕೊಂಡಿದ್ದ ಗಾಳಿ ಹೊರಬರುತ್ತದೆ. ಆಮೇಲೂ ಇಳಿದರೆ ವಾಪಸ್ ಹೋಗಿ.

ಇಳಿಸಿದ ಹಳೇ ಕೂಲೆಂಟನ್ನು ಚರಂಡಿಗೋ ತೋಟಕ್ಕೋ ಚೆಲ್ಲಲು ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಸಿಹಿ. ನಾಯಿಗಳು ನೆಕ್ಕಿ ಸಾಯುತ್ತವೆ, ಮಕ್ಕಳಿಗೂ ಅಪಾಯ. ಮುಚ್ಚಳ ಇರುವ ಕ್ಯಾನಿಗೆ ತುಂಬಿಸಿ, ಮೇಲೆ ದೊಡ್ಡದಾಗಿ ‘ವಿಷ’ ಅಂತ ಬರೆದು, ವರ್ಕ್‌ಶಾಪಿನಲ್ಲಿ ಹಳೇ ಆಯಿಲ್‌ಗೆ ಬೆರೆಸದೆ ಬೇರೆಯಾಗಿ ಇಡಲು ಹೇಳಿ. ನೀರಿನ ಬಾಟಲಿಗೆ, ಕೂಲ್‌ಡ್ರಿಂಕ್ ಬಾಟಲಿಗೆ ಎಂದೂ ತುಂಬಬೇಡಿ. ಯಾರಾದರೂ ಅಕಸ್ಮಾತ್ ಕುಡಿದರೆ ಲಕ್ಷಣ ಕಾಣಲಿ ಅಂತ ಕಾಯದೆ, ಆ ಕೂಲೆಂಟಿನ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.